ಬ್ರಿಚೋಲಾ: ಸಿಂಧುವೋ ಅಸಿಂಧುವೋ

ರೊಂಕಾದೋರೆಯ ಪುರಸಭೆಯಲ್ಲಿ ನಾಮಪತ್ರ ತೆಗೆದುಕೊಳ್ಳುವ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ, ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದ: "ಇಲ್ಲಿ 'ಉರುಫ್' ಅಂತ ಒಂದು ಜಾಗ ಇದೆ ಮೇಡಂ. ಏನು ಬರೀಲಿ?"

"ಖಾಲಿ ಬಿಡಿ," ಎಂದಳು ಲೊರೆದಾನಾ ಫುರ್ಲಾನ್.

"ಖಾಲೀನಾ? ಅಲ್ಲ, ಇಡೀ ದೇಶಕ್ಕೆ ಗೊತ್ತಿರೋ ಹೆಸರು ಇಟ್ಕೊಂಡು..."

"ಖಾಲಿ ಬಿಡಿ ಅಂದೆ."

ಇದೇನು ಮಹಾ ಎನ್ನಿಸಬಹುದು. ಆದರೆ ಒಂದೇ ಊರಿನಲ್ಲಿ ನಲವತ್ತು ಮನೆ ಫುರ್ಲಾನ್‌ಗಳಿರುವ ನಮ್ಮ ವೆನೆತೋ ಸೀಮೆಯಲ್ಲಿ ಉರುಫ್ ಇಲ್ಲದವನಿಗೆ ಅಂಚೆಯೂ ಸರಿಯಾಗಿ ತಲುಪುವುದಿಲ್ಲ. ಚುನಾವಣೆಯಲ್ಲಂತೂ ಅದಕ್ಕೆ ಕಾನೂನಿನ ಬೆಲೆ ಉಂಟು. ನಾಮಪತ್ರದಲ್ಲಿ ಅಡ್ಡಹೆಸರು ನಮೂದಾಗಿದ್ದರೆ, ಮತದಾರ ಅದನ್ನು ಮತಪತ್ರದ ಮೇಲೆ ಗೀಚಿದರೂ ಓಟು ಸಿಂಧು. ನಮೂದಾಗಿಲ್ಲದಿದ್ದರೆ, ಇದು ಓಟು ಮಾರಿಕೊಂಡವನು ಹಾಕಿದ ಗುರುತಿರಬಹುದು ಎಂದು ಎದುರಾಳಿ ತಕರಾರು ತೆಗೆಯಬಹುದು. ಹಾಲಿ ಮೇಯರ್ ಮಾರ್ಕ್ಯೋರಿ ಆ ಜಾಗದಲ್ಲಿ 'ಬೇಪಿ' ಎಂದು ಬರೆಸಿ ನಿಶ್ಚಿಂತೆಯಿಂದ ಕಾಫಿಗೆ ಹೋಗಿದ್ದ. ಅವನ ವಿರುದ್ಧ ನಿಂತ ಲೊರೆದಾನಾ ತನ್ನದನ್ನು ಖಾಲಿ ಬಿಡಿಸಿ, ಹೊರಗೆ ಬಂದು ಉಸ್ಸಪ್ಪಾ ಎಂದಳು.

ಅವಳು ಬೇಡವೆಂದ ಹೆಸರು ಬ್ರಿಚೋಲಾ. ಹಾಗೆಂದರೆ ರೊಟ್ಟಿಯ ಚೂರು, ಊಟವಾದ ಮೇಲೆ ಮೇಜಿನ ಮೇಲೆ ಉಳಿಯುತ್ತದಲ್ಲ, ಅದು. ಮೂವತ್ತೈದು ವರ್ಷದ ಹಿಂದೆ, ಪ್ರತಿ ಭಾನುವಾರ ಮಧ್ಯಾಹ್ನ, ದೇಶಕ್ಕೆ ದೇಶವೇ ಊಟಕ್ಕೆ ಕೂತಿರುವಾಗ ಟೀವಿಯಲ್ಲೊಂದು ಕಾರ್ಯಕ್ರಮ ಬರುತ್ತಿತ್ತು. ಹೊಟ್ಟೆ ಬಂದ ನಿರೂಪಕನೊಬ್ಬ ದೊಡ್ಡ ರೊಟ್ಟಿಯೊಂದನ್ನು ಕೊಯ್ದು ಅತಿಥಿಗಳಿಗೆ ಹಂಚಿ ಹರಟೆ ಹೊಡೆಯುವನು. ಹರಟೆ ಮುಗಿದಾಗ, ಬೆಳ್ಳಿಯ ಬ್ರಷ್ಷು ಹಿಡಿದು, ಒಂದು ಏಪ್ರನ್ ಕಟ್ಟಿಕೊಂಡು ಹತ್ತೊಂಬತ್ತರ ಹುಡುಗಿಯೊಬ್ಬಳು ಬರುವಳು. ಏಪ್ರನ್ನಿನ ಬಟ್ಟೆಯಲ್ಲಿ ದರ್ಜಿ ಅಷ್ಟು ಜಿಪುಣತನ ಮಾಡಿದ್ದು ಯಾಕೋ, ಅವನನ್ನೇ ಕೇಳಬೇಕು. ಹುಡುಗಿ ಚೂರುಗಳನ್ನು ಗುಡಿಸಿ ಒಂದು ಗಿರಕಿ ಹೊಡೆದಾಗ ನಿರೂಪಕ ಕೇಳುವನು: "ನಮ್ಮ ಬ್ರಿಚೋಲಾ ಇದಕ್ಕೆ ಏನಂತಾಳೆ?" ಅವಳು ಬಾಯಿ ತೆರೆದದ್ದೇ ತಡ, ಬ್ಯಾಂಡಿನವರು ಪರಪ್ಪಪ್ಪಾ ಎಂದು ಊದಿಬಿಡುವರು. ಅವಳು ಬಾಯಿ ಮುಚ್ಚಿ ನಗುವಳು. ಅದೇ ಜೋಕು. ಎರಡು ವರ್ಷ ಅದೊಂದೇ ಜೋಕು, ಮತ್ತು ದೇಶ ಎರಡು ವರ್ಷವೂ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕರಾರುಪತ್ರದಲ್ಲಿ ನಗುವುದು ಕಡ್ಡಾಯವೆಂದಿತ್ತು. ಮಾತಿನ ಪ್ರಸ್ತಾಪವೇ ಇರಲಿಲ್ಲ.

ಗಂಡಸರು ಅದನ್ನು ನೋಡುತ್ತ ಪಾಸ್ತಾ ತಿಂದರು. ಹೆಂಗಸರು ಅದನ್ನು ನೋಡುತ್ತ ಪಾಸ್ತಾ ಬಡಿಸಿದರು. ಅವರ ಹೆಣ್ಣುಮಕ್ಕಳು ಅಡುಗೆಮನೆಯ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಗಿರಕಿ ಹೊಡೆಯುವುದನ್ನು ಕಲಿತರು. ನಮ್ಮ ದೇಶವೇ ಹಾಗೆ ಬಿಡಿ. ಟೀವಿಯಲ್ಲಿ ಕುಣಿದವಳನ್ನು ಮಂತ್ರಿ ಮಾಡುತ್ತೇವೆ, ಆಮೇಲೆ ಮಂತ್ರಿಯನ್ನು ಕಾಲಿನಿಂದ ಶುರುಮಾಡಿ ಮೇಲಕ್ಕೆ ನೋಡುತ್ತೇವೆ. ಕುಣಿಯದೆ ಮಂತ್ರಿಯಾದವಳು ಎದುರಾದರೆ, ಪಾಪ, ಇದಕ್ಕೆ ಕುಣಿಯೋಕೂ ಬರಲ್ಲವಲ್ಲ ಎಂದು ಮರುಗುತ್ತೇವೆ.

ಲೊರೆದಾನಾಗೆ ಮಂತ್ರಿಯಾಗುವ ಆಸೆಯೇನೂ ಇರಲಿಲ್ಲ. ಏಪ್ರನ್ ಬಿಚ್ಚಿಟ್ಟು ಊರಿಗೆ ಬಂದಳು, ಪಾದೋವಾದಲ್ಲಿ ಓದಿದಳು, ಸೂಲಗಿತ್ತಿಯಾದಳು. ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇಪ್ಪತ್ತೈದು ವರ್ಷ ತೋಳೇರಿಸಿ ದುಡಿದಳು. ಈಗ ಓಟು ಹಾಕುವ ಎಷ್ಟೋ ತಲೆಗಳು ಬೆಳಕು ಕಂಡದ್ದು ಮೊದಲು ಅವಳ ಅಂಗೈಯಲ್ಲೇ. ಆದರೂ ಪೇಟೆಯಲ್ಲಿ ನಡೆದುಹೋದರೆ ಹಿಂದಿನಿಂದ ಯಾವನೋ ಪರಪ್ಪಪ್ಪಾ ಅನ್ನುತ್ತಿದ್ದ. ಐವತ್ತು ದಾಟಿದ ಮೇಲೂ ಅನ್ನುತ್ತಿದ್ದ. ಅವಳು ಆ ಹೆಸರನ್ನು ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಮೇಜಿನ ಮೇಲೆ ಬಿದ್ದ ರೊಟ್ಟಿಯ ಚೂರಿಗೂ 'ಪುಡಿ' ಎನ್ನಬೇಕಿತ್ತು.

ಚುನಾವಣೆಗೆ ನಿಂತದ್ದಕ್ಕೆ ಕಾರಣ ಮಾರ್ಕ್ಯೋರಿಯೇ. ಹೆರಿಗೆ ಕೋಣೆಗೆ ಮೇಲಿನವರು ಎಂದೋ ಬೀಗ ಹಾಕಿದ್ದರು. ಉಳಿದದ್ದು ಹಳೇ ಆಸ್ಪತ್ರೆಯ ಕೆಳಮಹಡಿಯಲ್ಲಿನ ಹೆಂಗಸರ ಕ್ಲಿನಿಕ್ಕು: ಬಸುರಿಯರು, ಬಾಣಂತಿಯರು, ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳಲು ಬರುವ ಹುಡುಗಿಯರು. ಅದನ್ನೂ ನಗರಕ್ಕೆ ಸಾಗಿಸಿ, ಆ ಕಟ್ಟಡದಲ್ಲಿ ನಮ್ಮೂರಿನ ಹೆಮ್ಮೆಯಾದ ಬಿಳಿ ಆಸ್ಪರಾಗಸ್ ತರಕಾರಿಯ ಮ್ಯೂಸಿಯಂ ಮಾಡುತ್ತೇನೆಂದು ಮೇಯರ್ ಘೋಷಿಸಿದ. ಬಸುರಿಯರು ಬಸ್ಸಿನಲ್ಲಿ ಕುಲುಕುತ್ತ ಹೋಗಲಿ, ತರಕಾರಿಗೆ ಮಾತ್ರ ಹವಾನಿಯಂತ್ರಣ. ಲೊರೆದಾನಾಗೆ ಮೈಯೆಲ್ಲ ಉರಿಯಿತು. ಕ್ಲಿನಿಕ್ಕು ಉಳಿಯಬೇಕು, ಅದೂ ಸೂಲಗಿತ್ತಿ ಫುರ್ಲಾನ್ ಗೆದ್ದು ಉಳಿಸಬೇಕು, ಆ ಏಪ್ರನ್ನಿನ ಹುಡುಗಿಯಲ್ಲ. ಅವಳಿಗೆ ಬೇಕಿದ್ದದ್ದು ಈ ಎರಡೇ.

"ಸರಿಯಾಗಿ ಮಾಡಿದೆ ಕಣೇ ಖಾಲಿ ಬಿಟ್ಟು," ಎಂದು ಬೆನ್ನು ತಟ್ಟಿದವಳು ವಕೀಲೆ ತುಲ್ಲಿಯಾ, ಅವಳ ಬಾಲ್ಯದ ಗೆಳತಿ, ಪ್ರಚಾರದ ಪೂರ್ತಿ ಜವಾಬ್ದಾರಿ ಹೊತ್ತವಳು. ಟೀವಿ ನಮ್ಮ ಹೆಂಗಸರನ್ನು ತಟ್ಟೆಯಂಚಿನ ಅಲಂಕಾರದ ಸೊಪ್ಪು ಮಾಡಿಬಿಟ್ಟಿತೆಂದು ಇಪ್ಪತ್ತು ವರ್ಷದಿಂದ ಭಾಷಣ ಮಾಡುತ್ತ ಬಂದವಳು. ಕರಪತ್ರಕ್ಕೆ ಶೀರ್ಷಿಕೆ ಕೊಟ್ಟವಳೂ ಅವಳೇ: 'ಚೂರಲ್ಲ, ಇಡೀ ರೊಟ್ಟಿ.'

"ಅದ್ರಲ್ಲೂ ಚೂರು ಬಂತಲ್ಲೇ ಮಾರಾಯ್ತಿ," ಎಂದಳು ಲೊರೆದಾನಾ.

"ಅಲ್ಲ ಅಂತ ತಾನೇ ಹೇಳಿರೋದು!"

"ಅಲ್ಲ ಅಂದ್ರೂ ಜನ ಓದೋದು ಚೂರನ್ನೇ."

ಅದು ನಿಜವೂ ಆಯಿತು. ಚರ್ಚಿನ ಸಿನಿಮಾ ಹಾಲಿನಲ್ಲಿ ಇಬ್ಬರು ಅಭ್ಯರ್ಥಿಗಳ ಮುಖಾಮುಖಿ ಇಟ್ಟಿದ್ದರು. ಮಾರ್ಕ್ಯೋರಿ ಎದ್ದು ಟೈ ಸರಿಮಾಡಿಕೊಂಡ. "ನಮ್ಮ ಎದುರಾಳಿಗೆ ಆಡಳಿತದ ಅನುಭವ ಇಲ್ಲ ಅಂತ ಯಾರೂ ಆಡಬಾರದು. ಗುಡಿಸಿ ಅನುಭವ ಇದೆ. ಎರಡು ವರ್ಷ ಗುಡಿಸಿದ್ದಾರೆ, ನಾನು ನೋಡೋದನ್ನ ಒಂದು ವಾರಾನೂ ತಪ್ಪಿಸಿಲ್ಲ." ಸಭೆ ಗೊಳ್ಳೆಂದಿತು. ಲೊರೆದಾನಾ ಉತ್ತರಿಸಲು ಬಾಯಿ ತೆರೆದಳು. ಹಿಂದಿನ ಸಾಲಿನಿಂದ ದಪ್ಪ ದನಿಯೊಂದು ಪರಪ್ಪಪ್ಪಾ ಎಂದು ಊದಿತು.

ನಾಚಿಕೆಯೋ ಸಿಟ್ಟೋ, ಅವಳ ಕಣ್ಣಂಚಿಗೆ ನೀರು ಬಂತು. ಆದರೆ ಹೆರಿಗೆ ಕೋಣೆಯಲ್ಲಿ ಬೈಗುಳ ತಿಂದು ಪಳಗಿದವಳು, ಸೋಲುವಳೇ. ಕಣ್ಣು ಕಿರಿದು ಮಾಡಿ ಹಿಂದಿನ ಸಾಲನ್ನು ನೋಡಿದಳು.

"ಯಾರದು, ಡೆನಿಸ್ಸಾ? ನೀನು ಹುಟ್ಟಿದಾಗ ಸದ್ದೇ ಬರ್ಲಿಲ್ಲ ಕಣಪ್ಪ. ನೀಲಿಗಟ್ಟಿ ಹೋಗಿದ್ದೆ. ಬೆನ್ನಿಗೊಂದು ಬಾರಿಸಿ ಸದ್ದು ಬರಿಸಿದವಳು ನಾನು. ಇವತ್ತು ಯಾಕಾದ್ರೂ ಬರಿಸಿದ್ನೋ ಅನ್ನಿಸ್ತಿದೆ."

ಈ ಸಲ ಸಭೆ ಡೆನಿಸ್ಸನನ್ನು ನೋಡಿ ನಕ್ಕಿತು. ಅಂದು ಲೊರೆದಾನಾ ಬಹಳ ಹೊತ್ತು ಮಾತಾಡಿದಳು, ಕ್ಲಿನಿಕ್ಕಿನ ಬಗ್ಗೆ, ಬಸ್ಸಿನ ಬಗ್ಗೆ, ಛಾವಣಿ ಸೋರುವುದರ ಬಗ್ಗೆ. ಮರುದಿನ ಪತ್ರಿಕೆಯವರು ಅದರಲ್ಲಿ ಒಂದು ವಾಕ್ಯವನ್ನೂ ಬಿಡದೆ ಅಚ್ಚು ಹಾಕಿದರು. ಮೇಲೆ ಮೂರು ಕಾಲಮ್ಮಿನಲ್ಲಿ ಏಪ್ರನ್ನಿನ ಫೋಟೋ ಹಾಕಿದ್ದರಿಂದ ಯಾರೂ ಅಲ್ಲಿಯತನಕ ಇಳಿಯಲಿಲ್ಲ.

ಮತಎಣಿಕೆ ಸೋಮವಾರ ಮಧ್ಯಾಹ್ನ, ಪ್ರಾಥಮಿಕ ಶಾಲೆಯಲ್ಲಿ. ಬೇರೆ ಕೋಣೆಗಳದ್ದೆಲ್ಲ ಬೇಗ ಮುಗಿಯಿತು. ಕೊನೆಗೆ ಉಳಿದದ್ದು ಹಳೇ ಆಸ್ಪತ್ರೆಯ ಹಿಂದಿನ ಓಣಿಗಳ ಮತಪೆಟ್ಟಿಗೆ, ಎರಡನೇ ತರಗತಿಯ ಕೋಣೆಯಲ್ಲಿ. ಮಕ್ಕಳ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಎದೆಗೆ ಹಚ್ಚಿಕೊಂಡು ಕೂತಿದ್ದರು. ಮತಗಟ್ಟೆಯ ಅಧ್ಯಕ್ಷೆ ಜಾದಾ ಎಂಬ ಇಪ್ಪತ್ನಾಲ್ಕರ ಹುಡುಗಿ, ಕಾನೂನು ಓದುತ್ತಿರುವವಳು, ಮೊದಲ ಸಲ ಈ ಕೆಲಸಕ್ಕೆ ಕೂತವಳು. ನಿಯಮದ ಪುಸ್ತಕವನ್ನು ಒಂದು ಕ್ಷಣವೂ ಕೈಬಿಡುತ್ತಿರಲಿಲ್ಲ. ಲೊರೆದಾನಾ ಒಂದು ಮೂಲೆಯಲ್ಲಿ ನಿಂತಿದ್ದಳು; ಅವಳ ಪರ ವಾದಿಸಲು ತುಲ್ಲಿಯಾ, ಮಾರ್ಕ್ಯೋರಿಯ ಪರ ನೋಟರಿ ಸ್ಕಾರ್ಪಾ. ಓಣಿಯ ನಾಲ್ಕಾರು ಹೆಂಗಸರು ಎಣಿಕೆ ನೋಡಲು ಬಂದು ಕಪ್ಪುಹಲಗೆಯ ಕೆಳಗೆ ನಿಂತಿದ್ದರು.

ಪೆಟ್ಟಿಗೆ ಬರಿದಾದಾಗ ಲೊರೆದಾನಾ ಆರು ಓಟು ಹಿಂದಿದ್ದಳು. ಆದರೆ ಜಾದಾಳ ಮೊಣಕೈ ಬಳಿ ಹನ್ನೊಂದು ಮತಪತ್ರಗಳು ಬೇರೆ ಇದ್ದವು. ಎಲ್ಲದರಲ್ಲೂ ಓಟಿನ ಕತ್ತರಿ ಗುರುತು ಲೊರೆದಾನಾಳ ಹೆಸರಿನ ಮೇಲೇ ಬಿದ್ದಿತ್ತು. ಎಲ್ಲದರಲ್ಲೂ ಪಕ್ಕದಲ್ಲಿ, ಒಂದೊಂದು ಕೈಬರಹದಲ್ಲಿ, ಒಂದೇ ಮಾತು ಬರೆದಿತ್ತು: ಬ್ರಿಚೋಲಾ.

ಸಿಂಧುವಾದರೆ ಲೊರೆದಾನಾ ಮೇಯರ್. ಅಸಿಂಧುವಾದರೆ ಆಸ್ಪರಾಗಸ್.

"ಥೂ ಇವರ," ಎಂದುಕೊಂಡಳು ಲೊರೆದಾನಾ. ಓಟು ಹಾಕುವಾಗಲೂ ಕಾಲೆಳೆಯುವ ಚಪಲ ಬಿಡಲಿಲ್ಲವಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದರಲ್ಲ!

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಮೂರು ವಾರದಿಂದ ಓಣಿ ಓಣಿ ತಿರುಗಿ ಇವಳು ಬ್ರಿಚೋಲಾ ಅಲ್ಲ, ಅಲ್ಲವೇ ಅಲ್ಲ ಎಂದು ಗಂಟಲು ಹರಿದುಕೊಂಡ ತುಲ್ಲಿಯಾ ಎದ್ದು ನಿಂತು, "ಇವಳೇ ಬ್ರಿಚೋಲಾ! ಹಸುಗೂಸಿಗೂ ಗೊತ್ತಿರೋ ವಿಷಯ! ಬೇರೆ ಯಾರಾದ್ರೂ ಇದ್ರೆ ತೋರಿಸಿ ನೋಡೋಣ," ಎಂದು ಮೇಜು ಕುಟ್ಟಿದಳು. ಮೂರು ವಾರದಿಂದ ಆ ಹೆಸರಿನಲ್ಲೇ ಊಟ ಮಾಡಿದ ಪಕ್ಷದ ನೋಟರಿ ಸ್ಕಾರ್ಪಾ ಎದೆಯ ಮೇಲೆ ಕೈಯಿಟ್ಟುಕೊಂಡ.

"ಛೆ ಛೆ ವಕೀಲಮ್ಮಾ, ಏನ್ ಮಾತಾಡ್ತೀರಿ! ಇವರು ಗೌರವಸ್ಥ ಸೂಲಗಿತ್ತಿ. ಸಾವಿರಾರು ತಾಯಂದಿರ ಕೈ ಹಿಡಿದವರು. ಇಂಥವರನ್ನ ಅಡ್ಡಹೆಸರಿನಿಂದ ಕರೆಯೋದಾ? ಇದು ಹೆಣ್ಣುಕುಲಕ್ಕೇ ಅವಮಾನ. ಬ್ರಿಚೋಲಾ ಯಾರೋ ನನಗಂತೂ ಗೊತ್ತಿಲ್ಲಪ್ಪ."

"ನಿಮ್ಮ ಆಫೀಸಿನ ಕ್ಯಾಲೆಂಡರ್‌ನಲ್ಲೇ ಇದ್ದಳಲ್ರೀ!"

"ಅದು ಹಳೇ ಕ್ಯಾಲೆಂಡರು."

ಲೊರೆದಾನಾ ಇಬ್ಬರನ್ನೂ ನೋಡಿದಳು. ಮೂವತ್ತೈದು ವರ್ಷದಲ್ಲಿ ಯಾರ ಬಾಯಿಂದಲಾದರೂ ಕೇಳಬೇಕೆಂದು ಹಂಬಲಿಸಿದ ಮಾತನ್ನು ಈ ನೋಟರಿ ಆಡಿದ್ದ. ಅದೂ ಅವಳನ್ನು ಸೋಲಿಸುವುದಕ್ಕೆ!

ಜಾದಾ ಕೈಯೆತ್ತಿದಳು. "ಒಂದ್ನಿಮಿಷ. ಕೂತ್ಕೊಳ್ಳಿ ಇಬ್ರೂ. ಬರೆದಿರೋದು ಎಲ್ಲರಿಗೂ ಗೊತ್ತಿರೋ ಅಭ್ಯರ್ಥಿ ಹೆಸರಾದ್ರೆ, ನಮೂದು ಆಗಿರದಿದ್ರೂ ಒಪ್ಕೋಬಹುದು. ಹೆಸರಲ್ಲದೆ ಬೇರೇನಾದ್ರೂ ಆದ್ರೆ, ಬೈಗುಳ, ಆಶೀರ್ವಾದ, ಮುದ್ದಿನ ಮಾತು, ಏನೇ ಇರ್ಲಿ, ಅಸಿಂಧು. ಈಗ ನೀವು ಹೇಳಿ, ಈ ಬ್ರಿಚೋಲಾ ಅನ್ನೋರು ಯಾರು? ಹಾಗೆ ಕರೆಸಿಕೊಳ್ಳೋ ದೊಡ್ಡೋರನ್ನ ನಾನು ಕೇಳೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಪೊಲೀಸನೂ ತಿರುಗಿ ನೋಡಿದ. ಕೇಳಿಲ್ಲವೇ! ಲೊರೆದಾನಾಗೆ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು.

ತುಲ್ಲಿಯಾ ಫೋನು ತೆಗೆದಳು. ಪರದೆಯ ಮೇಲೆ ಹೆಣ್ಣಿನ ದೇಹದ ವ್ಯಾಪಾರ ನಿಲ್ಲಲಿ ಎಂದು ಅರ್ಜಿ ಬರೆದ ಅದೇ ಬೆರಳುಗಳಿಂದ ಏಪ್ರನ್ನಿನ ವಿಡಿಯೋ ಹುಡುಕಿ, ಸದ್ದು ಜೋರುಮಾಡಿ, ಮತಪತ್ರಗಳ ನಡುವೆ ನಿಲ್ಲಿಸಿದಳು. ಎಲ್ಲರೂ ಬಾಗಿದರು. ನೋಟರಿ ಎಲ್ಲರಿಗಿಂತ ಮುಂದೆ ಬಾಗಿದ. ಹುಡುಗಿ ಬಂದಳು, ಗುಡಿಸಿದಳು, ತಿರುಗಿದಳು, ಬಾಯಿ ತೆರೆದಳು, ಬ್ಯಾಂಡು ಊದಿತು. ಲೊರೆದಾನಾ ಅದನ್ನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಎಷ್ಟು ಚಿಕ್ಕವಳು! ಈಗ ಕ್ಲಿನಿಕ್ಕಿಗೆ ಬಂದಿದ್ದರೆ, ಸರಿಯಾಗಿ ಊಟ ಮಾಡ್ತೀಯೇನೇ ಎಂದು ಗದರುತ್ತಿದ್ದಳು.

"ಇದು ಇವರಲ್ಲ," ಎಂದ ನೋಟರಿ. "ಕೂದಲು ನೋಡಿ."

ಆದರೆ ಜಾದಾ ಪರದೆ ನೋಡುತ್ತಿರಲಿಲ್ಲ, ಲೊರೆದಾನಾಳನ್ನು ನೋಡುತ್ತಿದ್ದಳು. "ಅಯ್ಯೋ, ಇದಾ? ನಮ್ಮನೇಲಿ ಬ್ರಿಚೋಲಾ ಅಂದ್ರೆ ನಾನು! ಈಗಲೂ ಅಮ್ಮ ಹಾಗೇ ಕರೆಯೋದು. ನಾನು ಹುಟ್ಟಿದಾಗ ಸೂಲಗಿತ್ತಿ ಎತ್ತಿಕೊಂಡು, 'ಬಂದ್ಯಾ, ಬ್ರಿಚೋಲಾ' ಅಂದ್ರಂತೆ. ಅದೇ ಉಳ್ಕೊಂಡ್ಬಿಡ್ತು. ಅದು... ನೀವೇ ತಾನೇ?"

"ನಾನಾ?" ಎಂದಳು ಲೊರೆದಾನಾ. "ನಾನು ಆ ಮಾತು ಆಡೋದೇ ಇಲ್ಲ."

"ಆಡ್ತೀರ ಡಾಕ್ಟ್ರಮ್ಮಾ," ಎಂದಳು ಮತಪತ್ರ ಮಡಿಚುತ್ತಿದ್ದ ಎಣಿಕೆಯ ಹೆಂಗಸು. "ನನ್ನ ಇಬ್ರಿಗೂ ಅಂದಿದ್ರಿ. ದೊಡ್ಡೋನು ನಾಲ್ಕೂವರೆ ಕಿಲೋ ಇದ್ದ, ಅವನಿಗೂ ಚೂರು ಅಂದ್ರಿ. ಆ ನೋವಲ್ಲೂ ನಕ್ಕುಬಿಟ್ಟೆ ನಾನು."

ಕಪ್ಪುಹಲಗೆಯ ಕೆಳಗಿನಿಂದ ಇನ್ನೊಬ್ಬಳು, "ನಮ್ಮ ಓಣೀಲಿ ಎಲ್ಲಾ ಕೂಸೂ ಬ್ರಿಚೋಲಾನೇ," ಎಂದಳು. ಮಿಕ್ಕವರು ತಲೆಯಾಡಿಸಿದರು.

ಲೊರೆದಾನಾ ಪುಟ್ಟ ಕುರ್ಚಿಯೊಂದರ ಮೇಲೆ ಕುಸಿದಳು. ಮನೆಯಿಂದ, ಮೇಜಿನಿಂದ, ನಾಮಪತ್ರದಿಂದ ಅಟ್ಟಿದ ಮಾತು ಇಪ್ಪತ್ತೈದು ವರ್ಷ ಅವಳದೇ ನಾಲಿಗೆಯ ಮೇಲೆ ಕೂತಿತ್ತು. ಕೈತುಂಬ ಕೆಲಸವಿದ್ದಾಗ, ಎಚ್ಚರ ತಪ್ಪಿದಾಗ, ಹೊಸ ಜೀವವೊಂದು ಕಣ್ಣು ಪಿಳಿಪಿಳಿ ಮಾಡಿದಾಗ ಹೊರಗೆ ಬರುತ್ತಿತ್ತು. ಅವಳಿಗೇ ಗೊತ್ತಿರಲಿಲ್ಲ. ಹಾಗಾದರೆ ಈ ಹನ್ನೊಂದನ್ನು ಬರೆದವರು ಕಾಲೆಳೆಯುವ ಗಂಡಸರಲ್ಲ. ಎದೆ ತುಂಬಿ ಬಂತು. ಸುಖದಿಂದ ಅಳು ಬರುವುದೆಂದರೆ ಇದೇ ಇರಬೇಕು ಎನ್ನಿಸಿತು, ಅಷ್ಟು ಹೊತ್ತೂ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಕರಗಿತು.

"ಶಭಾಷ್!" ಎಂದು ನೋಟರಿ ಸ್ಕಾರ್ಪಾ ಚಪ್ಪಾಳೆ ತಟ್ಟಿದ. "ಕಣ್ಣಲ್ಲಿ ನೀರು ಬಂತು ನನಗೆ. ಅಂದ್ಮೇಲೆ ತೀರ್ಮಾನ ಆಯ್ತಲ್ಲ ಅಧ್ಯಕ್ಷರೇ! ಇದು ಹೆಸರಲ್ಲ, ಮುದ್ದಿನ ಮಾತು. ಕೃತಜ್ಞತೆ. ನಿಯಮದ ಪ್ರಕಾರ ಹನ್ನೊಂದೂ ಅಸಿಂಧು."

ಜಾದಾ ಪುಸ್ತಕ ತಿರುವಿದಳು, ತುಟಿ ಕಚ್ಚಿಕೊಂಡಳು. ಹುಡುಗಿಯ ಮುಖ ಕೆಂಪಾಗಿತ್ತು. ಬಾಯಿ ಬಿಟ್ಟು ಕೆಡಿಸಿದವಳು ತಾನೇ ಎಂದು ಅವಳಿಗೂ ಹೊಳೆದಿತ್ತು. ತುಲ್ಲಿಯಾ ಲೊರೆದಾನಾಳ ಕಿವಿಗೆ ಬಾಗಿ ಪಿಸುಗುಟ್ಟಿದಳು: "ಲೊರೆ, ಈಗ ನೀನು ಏನಂತೀಯೋ ಅದೇ. ಯೋಚಿಸಿ ಹೇಳು. ನಾನು ನಿನಗೆ ಹೇಳಿಕೊಡಲಾರೆ, ನನ್ನ ಬಾಯಲ್ಲಿ ಬರಲ್ಲ."

"ಅಭ್ಯರ್ಥಿ ಹೇಳಿಕೆ ತಗೋತೀನಿ," ಎಂದಳು ಜಾದಾ. "ಈ ಓಣಿಯೋರು ನಿಮ್ಮನ್ನ ಬ್ರಿಚೋಲಾ ಅನ್ನೋದು ಯಾತಕ್ಕೆ? ಟೀವಿ ಹೆಸರು ಅಂತಾನಾ, ಅಥವಾ... ನಾನು ಹೇಳಿದೆನಲ್ಲ, ಹಾಗಾ? ನೀವು ಹೇಳಿದ್ದನ್ನೇ ಬರ್ಕೋತೀನಿ."

ಅತ್ತ ದರಿ, ಇತ್ತ ಪುಲಿ. ಹೆರಿಗೆ ಕೋಣೆಯ ಮಾತು ಎಂದರೆ ಸತ್ಯ, ಮತ್ತು ಮೂವತ್ತೈದು ವರ್ಷಕ್ಕೆ ಸಿಕ್ಕ ಮೊದಲ ಮರ್ಯಾದೆ, ಮತ್ತು ಸೋಲು. ಲೊರೆದಾನಾ ಆ ಹನ್ನೊಂದು ಚೀಟಿಗಳನ್ನು ನೋಡಿದಳು. ದುಂಡನೆಯ ಅಕ್ಷರ, ಓರೆ ಅಕ್ಷರ, ನಡುಗುವ ಅಕ್ಷರ. ಕಪ್ಪುಹಲಗೆಯ ಕೆಳಗೆ ಬಸುರಿಯೊಬ್ಬಳು ಕಾಲು ಬದಲಿಸಿ ನಿಂತಿದ್ದಳು, ಏಳು ತಿಂಗಳಿರಬೇಕು, ಪಾದ ಊದಿಕೊಂಡಿತ್ತು.

ಲೊರೆದಾನಾ ಎದ್ದು ನಿಂತಳು.

"ಟೀವಿ ಹೆಸರು," ಎಂದಳು.

"ಖಂಡಿತಾನಾ?"

"ಖಂಡಿತ. ಬೇರೆ ಯಾವ ಅರ್ಥಾನೂ ಇಲ್ಲ. ಭಾನುವಾರದ ಕಾರ್ಯಕ್ರಮ, ಮೋಟು ಏಪ್ರನ್ನು, ಬೆಳ್ಳಿ ಬ್ರಷ್ಷು. ಇಡೀ ದೇಶ ನನ್ನ ಗುರುತು ಹಿಡಿಯೋದು ಕಾಲಿನಿಂದ. ನೋಟರಿ ಸಾಹೇಬ್ರೂ ಹಿಡೀತಾರೆ, ಕೇಳಿ ಬೇಕಾದ್ರೆ. ಬರ್ಕೊಳಮ್ಮ, ಒಂದಕ್ಷರ ಬಿಡ್ಬೇಡ."

ನೋಟರಿ ಬಾಯಿ ತೆರೆದು, ಹೆಂಗಸರ ಮುಖ ನೋಡಿ ಮುಚ್ಚಿದ. ಜಾದಾ ಬರೆದಳು. ಏಪ್ರನ್ ಎಂದು ಬರೆದಳು, ಬ್ರಷ್ಷು ಎಂದು ಬರೆದಳು, ಮತಪತ್ರಗಳು ಸಿಂಧು ಎಂದು ಬರೆದಳು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ತುಲ್ಲಿಯಾ ಕಿಟಕಿಯತ್ತ ತಿರುಗಿ ಮೂಗು ಒರೆಸಿಕೊಂಡಳು. ಆಮೇಲೆ ಜಾದಾ ಪೆನ್ನು ನಿಲ್ಲಿಸಿ, ತಲೆ ಎತ್ತದೆ, ಲೊರೆದಾನಾಗಷ್ಟೇ ಕೇಳುವಂತೆ ಹೇಳಿದಳು.

"ಕೆಳಗೆ ಸ್ವಲ್ಪ ಜಾಗ ಇದೆ. ಸೂಲಗಿತ್ತಿ ಅಂತಾನೂ ಒಂದು ಮಾತು ಸೇರಿಸ್ಲಾ?"

"ಬೇಡ ಮಗಳೇ," ಎಂದಳು ಲೊರೆದಾನಾ. "ಅದನ್ನ ಸೇರಿಸಿದ್ರೆ ಓಟು ಹಾಳಾಗುತ್ತೆ."